ಡಬ್ಬಿ ಬಂತು, ಒಳಗಿರುವುದು ಯಾರದ್ದು?

ದಾವಣಗೆರೆಯ ನನ್ನ ಪಾರ್ಲರ್‌ಗೆ ಬರುವ ಹುಡುಗಿಯರು ಬ್ಯಾಗಿನಿಂದ ಬಣ್ಣದ ಡಬ್ಬಿಯೊಂದನ್ನು ತೆಗೆದು ಕೇಳುವುದು ಒಂದೇ ಮಾತು: "ಅಕ್ಕಾ, ಇದು ಒರಿಜಿನಲ್ಲಾ?" ತಿಂಗಳಿಗೊಮ್ಮೆ ಕೊರಿಯರ್‌ನಲ್ಲಿ ಬರುವ ಬ್ಯೂಟಿ ಬಾಕ್ಸ್ ಅದು. ಒಂದು ಲಿಪ್‌ಸ್ಟಿಕ್, ಎರಡು ಮೂರು ಪುಟ್ಟ ಟ್ಯೂಬು, ಒಂದು ಶೀಟ್ ಮಾಸ್ಕ್, ಒಂದಿಷ್ಟು ಸ್ಯಾಶೆ. ನಾನೂ ಬೇರೆ ಬೇರೆ ಕಂಪನಿಗಳಿಗೆ ಚಂದಾ ಕಟ್ಟಿ ತರಿಸಿದ್ದೇನೆ, ಗಿರಾಕಿಗಳು ತಂದದ್ದನ್ನೂ ತಿರುಗಿಸಿ ನೋಡಿದ್ದೇನೆ. ನೋಡಿ ನೋಡಿ ನನಗೆ ಖಚಿತವಾದದ್ದು ಇಷ್ಟು: ಡಬ್ಬಿ ಒರಿಜಿನಲ್ಲಾ ಎಂದು ಕೇಳಿ ಪ್ರಯೋಜನವಿಲ್ಲ. ಒಳಗಿನ ಒಂದೊಂದೇ ಸಾಮಾನನ್ನು ಕೈಗೆತ್ತಿಕೊಂಡು, ಇದನ್ನು ಮಾಡಿದವರು ಯಾರು, ಎಲ್ಲಿ ಎಂದು ಕೇಳಬೇಕು. ಡಬ್ಬಿ ಕಳಿಸುವವರು ಬಹುಮಟ್ಟಿಗೆ ಜೋಡಿಸಿ ಕಳಿಸುವವರೇ ಹೊರತು ತಯಾರಿಸುವವರಲ್ಲ.

ಈ ವ್ಯಾಪಾರಕ್ಕೆ ದಾರಿ ಹಾಕಿದ್ದು 2010ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಬರ್ಚ್‌ಬಾಕ್ಸ್. ಮೊದಲು ದೊಡ್ಡ ಅಂಗಡಿಗಳ ಕೌಂಟರಿನಲ್ಲಿ ಬಿಟ್ಟಿ ಸಿಗುತ್ತಿದ್ದ ಸ್ಯಾಂಪಲ್‌ಗಳು ಆಮೇಲೆ ದುಡ್ಡು ಕೊಟ್ಟು ಮನೆಗೆ ತರಿಸಿಕೊಳ್ಳುವ ಸರಕಾದವು. ನಮ್ಮ ದೇಶದಲ್ಲಿ 2012ರ ಸುಮಾರಿಗೆ ಫ್ಯಾಬ್‌ಬ್ಯಾಗ್ ಬಂತು. ಅದನ್ನು ಕಟ್ಟಿದ ವಿನೀತಾ ಸಿಂಗ್ ಮತ್ತು ಕೌಶಿಕ್ ಮುಖರ್ಜಿ ಅವರೇ ಮುಂದೆ ಶುಗರ್ ಕಾಸ್ಮೆಟಿಕ್ಸ್ ಕಟ್ಟಿದರು. ಚಂದಾದಾರ ಹೆಣ್ಣುಮಕ್ಕಳು ತುಂಬಿಕೊಟ್ಟ ಮೈಬಣ್ಣ, ಚರ್ಮದ ಬಗೆ, ಇಷ್ಟಾನಿಷ್ಟಗಳ ವಿವರ ಹೊಸ ಬ್ರ್ಯಾಂಡ್ ಕಟ್ಟುವವರಿಗೆ ಎಂಥ ಆಸ್ತಿ ಎಂಬುದು ಇದರಿಂದ ತಿಳಿಯುತ್ತದೆ. ಬ್ರ್ಯಾಂಡ್‌ಗಳು ಸ್ಯಾಂಪಲ್‌ಗಳನ್ನು ಪುಕ್ಕಟೆಯಾಗಿ ಇಲ್ಲವೇ ತೀರಾ ಕಡಿಮೆ ದರಕ್ಕೆ ಕೊಡುವುದು ಪ್ರಚಾರಕ್ಕಾಗಿ. ಹಾಗಾಗಿ "ಎರಡು ಸಾವಿರದ ಸಾಮಾನು ಐನೂರಕ್ಕೆ" ಎಂಬ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಎರಡು ಸಾವಿರ ಎಂಆರ್‌ಪಿಯ ಮೇಲೆ ಕಟ್ಟಿದ ಲೆಕ್ಕ. ಆ ಬೆಲೆಗೆ ಅಂಗಡಿಯಲ್ಲಿ ಯಾರಾದರೂ ಕೊಂಡಿದ್ದಾರೆಯೇ ಎಂಬುದನ್ನು ಅದು ಹೇಳುವುದಿಲ್ಲ.

ಇನ್ನು ಲೇಬಲ್. ನಮ್ಮ ಹುಡುಗಿಯರಿಗೆ ನಾನು ಮೊದಲು ಕಲಿಸುವುದೇ ಇದನ್ನು. ಇಲ್ಲಿಯೇ ತಯಾರಾದ ಸೌಂದರ್ಯವರ್ಧಕದ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರು, ತಯಾರಿಕಾ ಲೈಸೆನ್ಸ್ ನಂಬರು, ಯಾವ ತಿಂಗಳೊಳಗೆ ಬಳಸಬೇಕು ಎಂಬುದು ಸಾಮಾನ್ಯವಾಗಿ ಇರಬೇಕು. 'ಮಾರ್ಕೆಟೆಡ್ ಬೈ' ಎಂದು ದೊಡ್ಡದಾಗಿ ಮುಂಬೈಯದೋ ಗುರುಗ್ರಾಮದ್ದೋ ವಿಳಾಸವಿದ್ದರೆ ಅದು ಮಾರುವವರ ಕಚೇರಿ. ಅದರ ಮೇಲೋ ಕೆಳಗೋ ಸಣ್ಣ ಅಕ್ಷರದಲ್ಲಿ 'ಮ್ಯಾನುಫ್ಯಾಕ್ಚರ್ಡ್ ಬೈ' ಹುಡುಕಿ. ಹಿಮಾಚಲದ ಬದ್ದಿ, ಉತ್ತರಾಖಂಡದ ಹರಿದ್ವಾರ, ಇಲ್ಲವೇ ದಮನ್ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. 2003ರಲ್ಲಿ ಕೇಂದ್ರ ಸರ್ಕಾರ ಹಿಮಾಚಲ ಮತ್ತು ಉತ್ತರಾಖಂಡಕ್ಕೆ ತೆರಿಗೆ ರಿಯಾಯಿತಿ ಕೊಟ್ಟ ಮೇಲೆ ಔಷಧಿ, ಕ್ರೀಮು, ಶಾಂಪೂಗಳ ಕಾರ್ಖಾನೆಗಳು ಅಲ್ಲಿಗೆ ಸಾಲುಗಟ್ಟಿ ಹೋದವು. ಒಂದೇ ಕಾರ್ಖಾನೆ ಹತ್ತಾರು ಬ್ರ್ಯಾಂಡ್‌ಗಳಿಗೆ ಮಾಡಿಕೊಡುವುದು ಈ ಉದ್ಯಮದಲ್ಲಿ ಮಾಮೂಲು. ಕೊರಿಯಾದ ಕಾಸ್ಮ್ಯಾಕ್ಸ್, ಇಟಲಿಯ ಇಂಟರ್‌ಕಾಸ್‌ನಂಥ ಭಾರಿ ಕಂಪನಿಗಳು ಬದುಕಿರುವುದೇ ಬೇರೆಯವರ ಹೆಸರಿನಲ್ಲಿ ಮಾಲು ತಯಾರಿಸಿ. ಇದರಲ್ಲಿ ಮೋಸವೇನೂ ಇಲ್ಲ. ವಿಳಾಸವೇ ಇಲ್ಲದಿದ್ದರೆ ಮಾತ್ರ ನಾನು ಆ ಟ್ಯೂಬಿನ ಮುಚ್ಚಳ ತೆಗೆಯುವುದಿಲ್ಲ.

ವಿದೇಶದ್ದಾದರೆ ಆಮದು ಮಾಡಿದವರ ಹೆಸರು, ವಿಳಾಸ ಮತ್ತು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಕೊಟ್ಟ ನೋಂದಣಿ ಸಂಖ್ಯೆ ಇರಬೇಕು. ಬರೀ ಕೊರಿಯನ್ ಇಲ್ಲವೇ ಚೀನೀ ಅಕ್ಷರ ಇದ್ದು ಆಮದುದಾರರ ಸ್ಟಿಕ್ಕರ್ ಇಲ್ಲದ ಶೀಟ್ ಮಾಸ್ಕ್‌ಗಳನ್ನು ನಾನು ಕಂಡಿದ್ದೇನೆ. ಎಷ್ಟು ಚಂದದ ಪೊಟ್ಟಣವಾದರೂ ಅದನ್ನು ಮುಖಕ್ಕೆ ಹಾಕಬೇಡಿ ಎಂದೇ ಹೇಳುತ್ತೇನೆ. ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದ್ದು ಎಂಬ ನಂಬಿಕೆಯೊಂದಿದೆ. ಆ ಕೋಡ್ ಭಾರತದಲ್ಲಿ ನೋಂದಾಯಿಸಿದ್ದು ಎಂದಷ್ಟೇ ತಿಳಿಸುತ್ತದೆ, ಮಾಲು ಎಲ್ಲಿ ತಯಾರಾಯಿತು ಎಂದಲ್ಲ.

ಇಷ್ಟೆಲ್ಲ ನೋಡಿದರೂ ಒಂದು ಕಡೆ ಕೈ ಸೋಲುತ್ತದೆ. ದ್ರವವಾದರೆ 60 ಎಂಎಲ್‌ಗಿಂತ, ಗಟ್ಟಿ ಅಥವಾ ಅರೆಗಟ್ಟಿ ಪದಾರ್ಥವಾದರೆ 30 ಗ್ರಾಂಗಿಂತ ಚಿಕ್ಕ ಪ್ಯಾಕಿನ ಮೇಲೆ ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ ಅಚ್ಚು ಹಾಕದಿದ್ದರೂ ನಮ್ಮ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಪ್ಪಿಲ್ಲ. ಬ್ಯೂಟಿ ಬಾಕ್ಸ್‌ನಲ್ಲಿ ಬರುವುದು ಹೆಚ್ಚುಕಡಿಮೆ ಎಲ್ಲವೂ ಈ ಅಳತೆಯೊಳಗಿನವೇ. ಮೊದಲ ಸಲ, ಗೊತ್ತಿಲ್ಲದ ಬ್ರ್ಯಾಂಡನ್ನು ಮುಖಕ್ಕೆ ಹಚ್ಚಿ ನೋಡುವವರಿಗೇ ಆ ಪಟ್ಟಿ ಎಲ್ಲರಿಗಿಂತ ಹೆಚ್ಚು ಬೇಕು, ಅವರಿಗೇ ಅದು ಸಿಗುವುದಿಲ್ಲ.

ನಿಶ್ಚಿತಾರ್ಥಕ್ಕೆ ಮೇಕಪ್ ಮಾಡಿಸಿಕೊಳ್ಳಬೇಕಿದ್ದ ಹುಡುಗಿಯೊಬ್ಬಳು ಬಾಕ್ಸ್‌ನಲ್ಲಿ ಬಂದ ಸೀರಮ್ ಹಚ್ಚಿ, ಕೆನ್ನೆ ಕುತ್ತಿಗೆಯೆಲ್ಲ ಕೆಂಪಾಗಿ ಉರಿಯುತ್ತಿದೆ ಎಂದು ನನ್ನ ಬಳಿ ಬಂದಳು. ಕೂಡಲೇ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, ಅದರಲ್ಲಿ ಏನಿದೆ? ಸ್ಯಾಶೆಯ ಮೇಲೆ ಹೆಸರಿತ್ತು, ಬ್ಯಾಚ್ ನಂಬರಿತ್ತು, ಪಟ್ಟಿ ಇರಲಿಲ್ಲ. ಬಾಕ್ಸ್ ಕಂಪನಿಗೆ ಫೋನ್ ಮಾಡಿದರೆ ಬ್ರ್ಯಾಂಡನ್ನು ಕೇಳಿ ಎಂದರು. ಬ್ರ್ಯಾಂಡಿನವರು ಪಟ್ಟಿ ಕಳಿಸುವಷ್ಟರಲ್ಲಿ ನಿಶ್ಚಿತಾರ್ಥ ಮುಗಿದಿತ್ತು. ಪಟ್ಟಿಯಲ್ಲಿ ಸುಗಂಧ ಪದಾರ್ಥವಿತ್ತು. ಸೆಂಟು ತಾಗಿದರೆ ಮೈ ಕೆರೆತ ಬರುತ್ತದೆಂದು ಆ ಹುಡುಗಿಗೆ ಚಿಕ್ಕಂದಿನಿಂದ ಗೊತ್ತು. ಆ ಒಂದು ಸಾಲು ಸ್ಯಾಶೆಯ ಮೇಲಿದ್ದಿದ್ದರೆ ಅವಳು ಅದನ್ನು ಹರಿಯುತ್ತಲೇ ಇರಲಿಲ್ಲ. ನನಗೆ ಇವತ್ತಿಗೂ ಸಂಕಟವಾಗುವುದು ಇದಕ್ಕೇ. ಅಂದಿನಿಂದ ಬ್ರ್ಯಾಂಡಿನ ವೆಬ್‌ಸೈಟಿನಲ್ಲಿ ದೊಡ್ಡ ಪ್ಯಾಕಿನ ಪಟ್ಟಿ ಓದಿ, ಮೊಣಕೈ ಒಳಬದಿಗೆ ಚೂರು ಹಚ್ಚಿ ಎರಡು ದಿನ ಕಾಯದೆ ಯಾವ ಸ್ಯಾಂಪಲನ್ನೂ ಯಾರ ಮುಖಕ್ಕೂ ಮುಟ್ಟಿಸಿಲ್ಲ.

ನಕಲಿಯ ಭಯವೂ ಸುಳ್ಳಲ್ಲ. ನಮ್ಮ ಮೈಸೂರು ಸ್ಯಾಂಡಲ್ ಸೋಪನ್ನೇ ನಕಲು ಮಾಡಿ ಮಾರುತ್ತಿದ್ದ ಜಾಲ 2024ರ ಜನವರಿಯಲ್ಲಿ ಹೈದರಾಬಾದ್‌ನಲ್ಲಿ ಸಿಕ್ಕಿಬಿತ್ತು. ಹೆಸರಾಂತ ಬಾಕ್ಸ್ ಕಂಪನಿಗಳಲ್ಲಿ ನಾನು ಕಂಡದ್ದು ನಕಲಿಗಿಂತ ಹೆಚ್ಚಾಗಿ ಅವಧಿ ಮುಗಿಯುತ್ತ ಬಂದ ಮಾಲು. ನಿಜವಾಗಿ ಹೆದರಬೇಕಾದ್ದು ಇನ್‌ಸ್ಟಾಗ್ರಾಂನಲ್ಲಿ 'ಮಿಸ್ಟರಿ ಬಾಕ್ಸ್' ಎಂದು ಮಾರುವ, ಬಿಲ್ಲೂ ಕೊಡದ, ವಿಳಾಸವೂ ಇಲ್ಲದವರಿಗೆ. ಅದರೊಳಗೆ ಬಿಳಿ ಮಾಡುವ ಕ್ರೀಮೇನಾದರೂ ಇದ್ದರೆ ನೇರ ಕಸಕ್ಕೆ. ಕೇರಳದ ಕೊಟ್ಟಕ್ಕಲ್‌ನ ವೈದ್ಯರು ಕಿಡ್ನಿ ಕಾಯಿಲೆಯ ರೋಗಿಗಳನ್ನು ವಿಚಾರಿಸುತ್ತ ಹೋದಾಗ, ಹಲವರು ಇಂಥ ಕ್ರೀಮು ಬಳಸಿದವರೇ ಎಂದು ತಿಳಿಯಿತು. ಕಾರಣ ಪಾದರಸ.

ಲೇಬಲ್‌ನಾಚೆಗೂ ಒಂದು ಮೂಲವಿದೆ. ಐಶ್ಯಾಡೋ, ಹೈಲೈಟರ್‌ಗಳ ಮಿಂಚು ಬಹುತೇಕ ಮೈಕಾದ್ದು. ಪಟ್ಟಿಯಲ್ಲಿ ಅದು ಸಿಐ 77019 ಎಂದು ಕಾಣುತ್ತದೆ. ಜಾರ್ಖಂಡದ ಕೊಡರ್ಮಾ, ಗಿರಿಡೀಹ್‌ಗಳ ಅಕ್ರಮ ಗಣಿಗಳಲ್ಲಿ ಮಕ್ಕಳು ಮೈಕಾ ಆಯುವುದು, ಕುಸಿದ ಮಣ್ಣಿನಡಿ ಸಾಯುವುದು 2016ರಲ್ಲಿ ದೊಡ್ಡ ಸುದ್ದಿಯಾಯಿತು. ಮರುವರ್ಷ ಕಂಪನಿಗಳು ಸೇರಿ ಇದನ್ನು ಸರಿಪಡಿಸಲು ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್ ಎಂಬ ಸಂಸ್ಥೆ ಮಾಡಿಕೊಂಡವು. ನಿಮ್ಮ ಮೈಕಾ ಎಲ್ಲಿಯದು ಎಂದು ನಾನು ಬ್ರ್ಯಾಂಡ್‌ಗಳಿಗೆ ಬರೆದು ಕೇಳುತ್ತೇನೆ. ಉತ್ತರ ಕೊಟ್ಟವರ ಮಾಲನ್ನೇ ಪಾರ್ಲರ್‌ಗೆ ಕೊಳ್ಳುತ್ತೇನೆ.

ದುಡ್ಡಿನ ವಿಷಯ ಚಿಕ್ಕದು. ರಿಸರ್ವ್ ಬ್ಯಾಂಕ್ ನಿಯಮದಂತೆ 2021ರ ಅಕ್ಟೋಬರ್‌ನಿಂದ ಚಂದಾ ಹಣ ತಾನಾಗಿ ಕಡಿತವಾಗುವ 24 ಗಂಟೆ ಮೊದಲೇ ಮೆಸೇಜ್ ಬರಬೇಕು. ಬೇಡವೆಂದರೆ ಆಗಲೇ ನಿಲ್ಲಿಸಬಹುದು. ನಿಲ್ಲಿಸಲು ಬಿಡದೆ ಸತಾಯಿಸುವುದು ಗ್ರಾಹಕ ಸಂರಕ್ಷಣೆಯ 2023ರ ಮಾರ್ಗಸೂಚಿಯಂತೆ ತಪ್ಪು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ.

ಬಾಕ್ಸ್ ಕಂಪನಿಗಳಿಗೆ ನಾನು ಬರೆಯುತ್ತಿರುವುದು ಬೇರೊಂದು. ಪ್ರತಿ ಡಬ್ಬಿಯಲ್ಲಿ ಒಂದು ದಪ್ಪ ಕಾಗದದ ಕಾರ್ಡ್ ಇಟ್ಟಿರುತ್ತೀರಿ, ನಿಮ್ಮ ಅಂದ ಅರಳಲಿ ಎಂದು ಹಾರೈಸಿ. ಅದರ ಹಿಂಬದಿ ಖಾಲಿಯೇ ಇರುತ್ತದೆ. ಒಳಗಿರುವ ಐದಾರು ಸಾಮಾನುಗಳ ಪದಾರ್ಥಪಟ್ಟಿ, ಕಾರ್ಖಾನೆಯ ಊರು, ಬಳಸಬೇಕಾದ ಕೊನೆಯ ತಿಂಗಳು ಅಲ್ಲಿ ಧಾರಾಳವಾಗಿ ಹಿಡಿಸುತ್ತವೆ. ಕಾನೂನು ಕೇಳದಿದ್ದರೂ ಅಚ್ಚು ಹಾಕಿ ಕಳಿಸಿ.