ಗುಟುಕು ಬಿಡದ ಗಿಳಿಮರಿ: ಆಹಾರ ಮತ್ತು ಆರೈಕೆ

ಸಂಚಿಕೆಯ ಸಂಪಾದಕ ಮಂಡಳಿಯವರು ವಿಜ್ಞಾನ ವಿಷಯಕವಾದ ಲೇಖನವೊಂದನ್ನು ಕೇಳಿದಾಗ ಗ್ರಹನಕ್ಷತ್ರಗಳನ್ನು ಕುರಿತೋ ಅಣುಶಕ್ತಿಯನ್ನು ಕುರಿತೋ ಬರೆಯುವುದು ವಾಡಿಕೆ. ನಾನು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಒಂದು ಗಿಳಿಮರಿಯ ಹಸಿವನ್ನು ಕುರಿತು ಬರೆಯಲು ಹೊರಟಿದ್ದೇನೆ. ಅದಕ್ಕೆ ಕಾರಣ ನಾನೇ ಕೊಟ್ಟ ಒಂದು ತಪ್ಪು ಸಲಹೆ. ಶಿಕ್ಷಕನು ಮಾಡಿದ ತಪ್ಪನ್ನು ಶಾಲೆಯ ಸಂಚಿಕೆಯಲ್ಲಿಯೇ ಒಪ್ಪಿಕೊಳ್ಳುವುದು ಉಚಿತವೆಂದು ಭಾವಿಸುತ್ತೇನೆ.

ಕೆಲವು ವರ್ಷಗಳ ಹಿಂದೆ, ದಸರೆಯ ರಜೆ ಮುಗಿದ ವಾರದಲ್ಲಿ, ಎಂಟನೆಯ ತರಗತಿಯ ವಿದ್ಯಾರ್ಥಿಯೊಬ್ಬನು ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಪ್ರಯೋಗಶಾಲೆಗೆ ಬಂದನು. ಒಳಗೆ ಬೂದು ಬಣ್ಣದ, ತಲೆಯ ಮೇಲೆ ಜುಟ್ಟುಳ್ಳ ಒಂದು ಮರಿಯಿತ್ತು. ಅದು ಆಸ್ಟ್ರೇಲಿಯಾ ಮೂಲದ ಕಾಕಟೀಲ್ ಎಂಬ ಗಿಳಿ. ಸೋದರಮಾವನು ಪಟ್ಟಣದ ಅಂಗಡಿಯೊಂದರಲ್ಲಿ ಕೊಡಿಸಿದ್ದನಂತೆ. “ಗುರುಗಳೇ, ಇದು ಕಾಳು ತಿನ್ನುತ್ತದೆಂದು ಅಂಗಡಿಯವರು ಹೇಳಿದರು. ಆದರೆ ದಿನವೆಲ್ಲ ಕೂಗುತ್ತದೆ. ಏನು ಮಾಡಲಿ?” ಎಂದು ಕೇಳಿದನು. ನಾನು ನೋಡುತ್ತಿದ್ದಂತೆಯೇ ಮರಿಯು ಕಾಳೊಂದನ್ನು ಕೊಕ್ಕಿನಲ್ಲಿ ಹಿಡಿದು ಹೊರಳಾಡಿಸಿತು. “ತಿನ್ನುತ್ತಿದೆಯಲ್ಲ! ಹೊಸ ಜಾಗವೆಂದು ಕೂಗುತ್ತದೆ. ಹಸಿದರೆ ತಾನೇ ತಿನ್ನುವುದು ಕಲಿಯುತ್ತದೆ” ಎಂದೆನು. ಮೂರನೆಯ ದಿನ ಬೆಳಿಗ್ಗೆ ಮರಿ ಸತ್ತುಹೋಗಿತ್ತು.

ಇದೇ ಶಾಲೆಯಲ್ಲಿ ಓದಿ ಈಗ ಪಶುವೈದ್ಯರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ಆ ದಿನ ಊರಿಗೆ ಬಂದಿದ್ದರು. ಅವರು ಮರಿಯ ಶರೀರವನ್ನು ಪರೀಕ್ಷಿಸಿದರು. ಎದೆಯ ನಡುಮೂಳೆಯು ಚೂಪಾಗಿ ಎದ್ದು ಕಾಣುತ್ತಿತ್ತು. ಕೊರಳಿನ ಚೀಲದಲ್ಲಿ ನಾಲ್ಕಾರು ಹೊಟ್ಟಿನ ಚೂರುಗಳ ಹೊರತು ಬೇರೇನೂ ಇರಲಿಲ್ಲ. “ಗುರುಗಳೇ, ಇದು ಇನ್ನೂ ಗುಟುಕು ಬಿಟ್ಟಿರಲಿಲ್ಲ” ಎಂದಷ್ಟೇ ಹೇಳಿದರು. ಮುಂದೆ ಬರೆದಿರುವ ಬಹುಪಾಲು ವಿಷಯಗಳನ್ನು ನಾನು ಅವರಿಂದ ಕಲಿತೆನು. ಉಳಿದುದನ್ನು ಮರುವರ್ಷ ಬಂದ ಇನ್ನೊಂದು ಮರಿಯಿಂದ ಕಲಿತೆನು.

ಗುಟುಕಿನ ಅರ್ಥ

ಗಿಳಿಯ ಮರಿಗಳು ಕೋಳಿಯ ಮರಿಗಳಂತೆ ಹುಟ್ಟಿದ ದಿನವೇ ಓಡಾಡಿ ಕಾಳು ಹೆಕ್ಕುವುದಿಲ್ಲ. ಅವು ಕಣ್ಣು ಮುಚ್ಚಿಕೊಂಡು, ಬಹುತೇಕ ಬೆತ್ತಲೆಯಾಗಿ ಹುಟ್ಟುತ್ತವೆ. ಕಾಕಟೀಲ್ ಜಾತಿಯಲ್ಲಿ ತಂದೆ ತಾಯಿಗಳೆರಡೂ ಸರದಿಯಂತೆ ಕಾವು ಕೊಡುತ್ತವೆ. ಎರಡೂ ಸೇರಿ ಮರಿಗಳಿಗೆ ಉಣಿಸುತ್ತವೆ. ತಾವು ತಿಂದ ಆಹಾರವನ್ನು ಮೆತ್ತಗೆ ಮಾಡಿ, ಹೊರತೆಗೆದು, ಬೆಚ್ಚಗಿರುವಂತೆಯೇ ಮರಿಯ ಬಾಯಿಗೆ ಇಡುತ್ತವೆ. ಇದೇ ಗುಟುಕು. ಮರಿಯು ಅದನ್ನು ಕೊರಳಿನ ಬುಡದಲ್ಲಿರುವ ಚೀಲವೊಂದರಲ್ಲಿ ತುಂಬಿಕೊಳ್ಳುತ್ತದೆ. ಈ ಕೊರಳಚೀಲದಿಂದ ಆಹಾರವು ಸ್ವಲ್ಪ ಸ್ವಲ್ಪವಾಗಿ ಜಠರಕ್ಕೆ ಇಳಿಯುತ್ತದೆ.

ಸುಮಾರು ಐದು ವಾರಗಳಾಗುವ ಹೊತ್ತಿಗೆ ಮರಿಗೆ ಗರಿ ತುಂಬಿ ಗೂಡಿನಿಂದ ಹೊರಬರುತ್ತದೆ. ನೋಡುವವರಿಗೆ ಅದು ಬೆಳೆದ ಹಕ್ಕಿಯಂತೆಯೇ ತೋರುತ್ತದೆ. ಆದರೆ ಹಾರಲು ಕಲಿತ ಮಾತ್ರಕ್ಕೆ ಉಣ್ಣಲು ಕಲಿತಂತಾಗಲಿಲ್ಲ. ಮುಂದೆಯೂ ಹಲವು ವಾರಗಳ ಕಾಲ ಅದು ಹಿರಿಯ ಹಕ್ಕಿಗಳನ್ನು ಹಿಂಬಾಲಿಸಿ ಗುಟುಕು ಬೇಡುತ್ತದೆ. ಜೊತೆಜೊತೆಯಲ್ಲಿಯೇ ಅವುಗಳನ್ನು ನೋಡಿ ಕಾಳು ಸುಲಿಯುವುದನ್ನು ಅಭ್ಯಾಸ ಮಾಡುತ್ತದೆ. ಪೂರ್ಣವಾಗಿ ಗುಟುಕು ಬಿಡುವುದು ಸಾಮಾನ್ಯವಾಗಿ ಎಂಟರಿಂದ ಹತ್ತು ವಾರಗಳ ವಯಸ್ಸಿನಲ್ಲಿ. ಕಾಳನ್ನು ಕೊಕ್ಕಿನಲ್ಲಿ ಆಡಿಸುವುದು, ಸಿಪ್ಪೆ ಒಡೆಯುವುದು, ಒಡೆದ ಕಾಳನ್ನು ನುಂಗುವುದು, ದಿನಕ್ಕೆ ಸಾಕಾಗುವಷ್ಟು ನುಂಗುವುದು, ಇವು ಬೇರೆ ಬೇರೆ ಮೆಟ್ಟಿಲುಗಳು. ನಾನು ಮೊದಲ ಮೆಟ್ಟಿಲನ್ನು ಕಂಡು ಕೊನೆಯದನ್ನು ಊಹಿಸಿಕೊಂಡಿದ್ದೆನು.

ಹಾಗಾದರೆ ಇಂತಹ ಮರಿಗಳನ್ನು ಏಕೆ ಮಾರುತ್ತಾರೆ? ಕೈಯಿಂದ ಉಣಿಸುವುದು ದಿನಕ್ಕೆ ಹಲವು ಬಾರಿ ಮಾಡಬೇಕಾದ ಶ್ರಮದ ಕೆಲಸ. ಬೇಗ ಮಾರಿದರೆ ಆ ಶ್ರಮ ಉಳಿಯುತ್ತದೆ. ಅಲ್ಲದೆ, ತಾನೇ ಕೈಯಾರೆ ಉಣಿಸಿದರೆ ಮಾತ್ರ ಹಕ್ಕಿಯು ತನಗೆ ಒಗ್ಗುತ್ತದೆ ಎಂಬ ನಂಬಿಕೆ ಕೊಳ್ಳುವವರಲ್ಲಿಯೂ ಉಂಟು. ಈ ನಂಬಿಕೆ ಸರಿಯಲ್ಲ. ಗುಟುಕು ಬಿಟ್ಟ ನಂತರ ಬಂದ ಗಿಳಿಯೂ ದಿನನಿತ್ಯದ ಮೃದುವಾದ ಒಡನಾಟದಿಂದ ಮನೆಯವರನ್ನು ಹಚ್ಚಿಕೊಳ್ಳುತ್ತದೆ.

ಯಾವ ಆಹಾರ?

ನಮ್ಮ ಮನೆಗಳಲ್ಲಿ ಮರಿಹಕ್ಕಿಗೆ ಹಾಲು ಅನ್ನವನ್ನೋ ರಾಗಿಯ ಗಂಜಿಯನ್ನೋ ಕೊಡುವ ರೂಢಿಯಿದೆ. ಹಕ್ಕಿಗಳು ಹಾಲು ಕುಡಿದು ಬೆಳೆಯುವ ಪ್ರಾಣಿಗಳಲ್ಲ. ಹಾಲಿನ ಸಕ್ಕರೆಯನ್ನು ಅವು ಜೀರ್ಣಿಸಿಕೊಳ್ಳಲಾರವು. ಅಕ್ಕಿ ಮತ್ತು ರಾಗಿಗಳಲ್ಲಿ ಸಸಾರಜನಕದ ಪ್ರಮಾಣ ಶೇಕಡ ೭ರ ಸುಮಾರು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರೌಡಿಬುಷ್ ಮತ್ತು ಗ್ರೌ ಎಂಬ ವಿಜ್ಞಾನಿಗಳು ಕಾಕಟೀಲ್ ಮರಿಗಳನ್ನೇ ಸಾಕಿ ಪರೀಕ್ಷಿಸಿ, ೧೯೮೬ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಣ ಆಹಾರದಲ್ಲಿ ಶೇಕಡ ೨೦ರಷ್ಟು ಸಸಾರಜನಕವಿದ್ದಾಗ ಮರಿಗಳ ಬೆಳವಣಿಗೆ ಚೆನ್ನಾಗಿತ್ತು. ಆದುದರಿಂದ ಬರಿಯ ಗಂಜಿಯಿಂದ ಹೊಟ್ಟೆ ತುಂಬಬಹುದು, ದೇಹ ಬೆಳೆಯದು. ಗಿಳಿಮರಿಗಳಿಗೆಂದೇ ತಯಾರಿಸಿದ ಪುಡಿಯು ಈಗ ದೊಡ್ಡ ಪಟ್ಟಣಗಳಲ್ಲಿ ದೊರೆಯುತ್ತದೆ. ಅದನ್ನು ಕುದಿಸಿ ಆರಿಸಿದ ನೀರಿನಲ್ಲಿ, ಪೊಟ್ಟಣದ ಮೇಲೆ ಹೇಳಿರುವ ಪ್ರಮಾಣದಲ್ಲಿಯೇ ಕಲಸಬೇಕು. ಬಹಳ ತೆಳುವಾದರೆ ಮರಿ ಸೊರಗುತ್ತದೆ. ಬಹಳ ಗಟ್ಟಿಯಾದರೆ ಕೊರಳಚೀಲದಲ್ಲಿ ನಿಂತುಬಿಡುತ್ತದೆ.

ಆಹಾರದ ಬಿಸಿಯು ೩೯ರಿಂದ ೪೧ ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕು. ಇದನ್ನು ಬೆರಳಿನಿಂದ ಅಂದಾಜು ಮಾಡದೆ ಉಷ್ಣಮಾಪಕದಿಂದ ಅಳೆಯಬೇಕು. ತಣ್ಣಗಾದ ಆಹಾರವನ್ನು ಮರಿ ನಿರಾಕರಿಸುತ್ತದೆ, ನುಂಗಿದರೂ ಜೀರ್ಣವಾಗುವುದು ತಡವಾಗಿ ಚೀಲದಲ್ಲಿ ಹುಳಿಯುತ್ತದೆ. ೪೩ ಡಿಗ್ರಿಗಿಂತ ಹೆಚ್ಚಾದರೆ ಚೀಲದ ಗೋಡೆ ಸುಟ್ಟು, ಕೆಲವು ದಿನಗಳ ತರುವಾಯ ಅಲ್ಲಿ ರಂಧ್ರವೇ ಬೀಳಬಹುದು. ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು, ಚೆನ್ನಾಗಿ ಕಲಕಿ, ಮತ್ತೆ ಅಳೆಯುವುದು ಕ್ಷೇಮ. ಉಳಿದುದನ್ನು ಮುಂದಿನ ಹೊತ್ತಿಗೆ ಇಡಬಾರದು.

ಉಣಿಸುವ ಕ್ರಮ

ಮೊದಲು ಮರಿಯನ್ನು ಮುಟ್ಟಿ ನೋಡಬೇಕು. ಮೈ ತಣ್ಣಗಿದ್ದರೆ ಆಹಾರ ಕೊಡದೆ ಮೊದಲು ಬೆಚ್ಚಗೆ ಮಾಡಬೇಕು. ತಣ್ಣಗಾದ ಮರಿಗೆ ಜೀರ್ಣಶಕ್ತಿಯಿರುವುದಿಲ್ಲ. ಗರಿ ತುಂಬಿದ ಮರಿಯನ್ನೂ ಗಾಳಿ ಬೀಸದ, ಸುಮಾರು ೨೬ ಡಿಗ್ರಿಯ ಬೆಚ್ಚನೆಯ ಜಾಗದಲ್ಲಿಡಬೇಕು.

ಮರಿಯು ಆಹಾರ ಕಂಡು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ಬೇಡುತ್ತದೆ. ಆ ಸಮಯದಲ್ಲಿ ಮಾತ್ರ ಉಣಿಸಬೇಕು. ಬೇಡದ ಮರಿಯ ಬಾಯಿಗೆ ಬಲವಂತವಾಗಿ ಸುರಿದರೆ ಆಹಾರವು ಶ್ವಾಸನಾಳಕ್ಕೆ ಹೋಗುತ್ತದೆ. ಆಗ ಮರಿಯು ತಕ್ಷಣವೇ ಸಾಯಬಹುದು, ಇಲ್ಲವೆ ಶ್ವಾಸಕೋಶದ ಬೇನೆಯಿಂದ ಕೆಲವು ದಿನಗಳಲ್ಲಿ ಸಾಯಬಹುದು. ಹೊಸಬರಿಗೆ ಪಿಚಕಾರಿಗಿಂತ, ಅಂಚುಗಳನ್ನು ಒಳಕ್ಕೆ ಬಾಗಿಸಿದ ಸಣ್ಣ ಚಮಚವೇ ಲೇಸು. ಮರಿ ತನ್ನ ವೇಗದಲ್ಲಿ ತಾನೇ ಹೀರಿಕೊಳ್ಳುತ್ತದೆ. ನೀರನ್ನು ಬೇರೆಯಾಗಿ ಬಾಯಿಗೆ ಸುರಿಯಬಾರದು.

ಒಂದು ಹೊತ್ತಿನ ಆಹಾರವು ಮರಿಯ ತೂಕದ ಹತ್ತನೆಯ ಒಂದು ಭಾಗದಷ್ಟು. ೮೦ ಗ್ರಾಂ ತೂಗುವ ಮರಿಗೆ ಸುಮಾರು ೮ ಮಿಲಿಲೀಟರ್. ಐದು ವಾರದ ಮರಿಗೆ ದಿನಕ್ಕೆ ಮೂರು ನಾಲ್ಕು ಬಾರಿ, ಆರೇಳು ವಾರದ ಮರಿಗೆ ಎರಡು ಮೂರು ಬಾರಿ, ಅನಂತರ ಬೆಳಿಗ್ಗೆ ಮತ್ತು ರಾತ್ರಿ, ಕಡೆಗೆ ರಾತ್ರಿ ಮಾತ್ರ. ಪ್ರತಿದಿನ ಬೆಳಗಿನ ಹೊತ್ತಿಗೆ ಕೊರಳಚೀಲ ಪೂರ್ಣ ಬರಿದಾಗಿರಬೇಕು. ಹಿಂದಿನ ರಾತ್ರಿಯ ಆಹಾರ ಇನ್ನೂ ಅಲ್ಲಿಯೇ ಇದ್ದರೆ ಮತ್ತೆ ಉಣಿಸದೆ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಪಾತ್ರೆ ಚಮಚಗಳನ್ನು ಪ್ರತಿ ಬಾರಿಯೂ ತೊಳೆದು ಕುದಿಸಬೇಕು. ಸಿಟಕೋಸಿಸ್ ಎಂಬ ರೋಗವು ಗಿಳಿಗಳಿಂದ ಮನುಷ್ಯರಿಗೆ ಹರಡಬಲ್ಲುದಾದ್ದರಿಂದ ಮಕ್ಕಳು ಕೈ ತೊಳೆಯುವುದನ್ನು ಮರೆಯಬಾರದು.

ಎಲ್ಲಕ್ಕಿಂತ ಮುಖ್ಯವಾದ ಉಪಕರಣವೆಂದರೆ ಗ್ರಾಂ ಲೆಕ್ಕದಲ್ಲಿ ತೂಗುವ ಸಣ್ಣ ತಕ್ಕಡಿ. ಗರಿಗಳ ಕೆಳಗೆ ಬಡಕಲು ದೇಹ ಕಾಣುವುದಿಲ್ಲ. ತಕ್ಕಡಿಗೆ ಮಾತ್ರ ಅದು ತಿಳಿಯುತ್ತದೆ. ಪ್ರತಿದಿನ ಬೆಳಿಗ್ಗೆ, ಉಣಿಸುವ ಮೊದಲು ತೂಗಿ ಬರೆದಿಡಬೇಕು. ಹಾರಲು ಕಲಿಯುವ ದಿನಗಳಲ್ಲಿ ತೂಕವು ಶೇಕಡ ಹತ್ತರವರೆಗೆ ಇಳಿಯುವುದು ಸಹಜ. ಅದಕ್ಕಿಂತ ಹೆಚ್ಚು ಇಳಿದರೆ, ಅಥವಾ ಹಿಕ್ಕೆಯು ಕಡಿಮೆಯಾಗಿ ಕಡು ಹಸಿರಾದರೆ, ಮರಿ ಉಪವಾಸವಿದೆಯೆಂದು ತಿಳಿಯಬೇಕು.

ಗುಟುಕು ಬಿಡುವ ಕಾಲ

ಮರುವರ್ಷ ಅದೇ ವಿದ್ಯಾರ್ಥಿಯ ನೆರೆಮನೆಗೆ ಇಂತಹದೇ ಒಂದು ಮರಿ ಬಂದಿತು. ಈ ಬಾರಿ ಅವನು ಒಂದು ದಿನವೂ ಕಾಯದೆ ನಮ್ಮಲ್ಲಿಗೆ ತಂದನು. ಮೊದಲ ದಿನ ಅದರ ತೂಕ ೬೮ ಗ್ರಾಂ. ವೈದ್ಯರ ಮಾರ್ಗದರ್ಶನದಲ್ಲಿ ನಾವು ಮೂರು ಹೊತ್ತು ಉಣಿಸಿದೆವು. ಜೊತೆಗೆ ತಗ್ಗಾದ ತಟ್ಟೆಯಲ್ಲಿ ಬೇಯಿಸಿದ ಮೆಕ್ಕೆಜೋಳ, ಮೊಳಕೆ ಬರಿಸಿ ಮೆತ್ತಗೆ ಬೇಯಿಸಿದ ಹೆಸರುಕಾಳು, ಸಣ್ಣಗೆ ಹೆಚ್ಚಿದ ಸೊಪ್ಪು, ತುರಿದ ಗಜ್ಜರಿ ಇಟ್ಟೆವು. ಮೆತ್ತನೆಯ ಆಹಾರವನ್ನು ಎರಡು ಗಂಟೆಗಳಲ್ಲಿ ತೆಗೆದು ಬದಲಿಸುತ್ತಿದ್ದೆವು. ಇಡೀ ನವಣೆಯ ತೆನೆಯೊಂದನ್ನು ಕೆಳಗೆ ಕಟ್ಟಿದೆವು. ವಿದೇಶಗಳಲ್ಲಿ ಗಿಳಿಮರಿಗಳಿಗೆಂದು ಹೆಚ್ಚಿನ ಬೆಲೆಗೆ ಮಾರುವ ತೆನೆಯು ನಮ್ಮ ಹೊಲಗಳ ಇದೇ ನವಣೆ. ಅದರ ಕಾಳು ಚಿಕ್ಕದು, ಸುಲಿಯಲು ಸುಲಭ. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ, ಉಪ್ಪಿನ ತಿನಿಸುಗಳು ಗಿಳಿಗೆ ವಿಷವೆಂದೇ ತಿಳಿದು ದೂರವಿಟ್ಟೆವು.

ತೋರಿಸಿಕೊಡಲು ಹಿರಿಯ ಹಕ್ಕಿ ಇಲ್ಲದುದರಿಂದ ವಿದ್ಯಾರ್ಥಿಯೇ ತಟ್ಟೆಯ ಮುಂದೆ ಕುಳಿತು ಬೆರಳಿನಿಂದ ಕಾಳುಗಳನ್ನು ಕುಕ್ಕುತ್ತಿದ್ದನು. ಮರಿ ನೋಡಿ ಅನುಕರಿಸಿತು. ಕಲಿಯಲೆಂದು ಅದನ್ನು ಹಸಿವಿನಲ್ಲಿ ಇಡಲಿಲ್ಲ. ಹೊಟ್ಟೆ ತುಂಬಿದ ಮರಿಗೆ ಹೊಸದನ್ನು ರುಚಿ ನೋಡುವ ಧೈರ್ಯವಿರುತ್ತದೆ. ಹಸಿದ ಮರಿಗೆ ಬೇಡುವುದೊಂದೇ ತಿಳಿದಿರುತ್ತದೆ. ಒಂದು ಹೊತ್ತನ್ನು ನಿಲ್ಲಿಸಿದ ಮೇಲೆ ತೂಕ ಇಳಿದುದನ್ನು ಕಂಡು ಮತ್ತೆ ಆರಂಭಿಸಿದ್ದೂ ಉಂಟು. ಜಾಗ ಬದಲಾದಾಗ, ಗುಟುಕು ಬಿಟ್ಟ ಹಕ್ಕಿಯೂ ಕೆಲವು ದಿನ ಮತ್ತೆ ಬೇಡುವುದುಂಟು. ಆಗ ಕೊಡುವುದರಿಂದ ಕೆಡುಕಿಲ್ಲ.

ಮರಿಯು ತಾನಾಗಿ ಗುಟುಕನ್ನು ನಿರಾಕರಿಸಬೇಕು. ತಾನೇ ತಿಂದ ಆಹಾರದಿಂದ ಸಂಜೆಗೆ ಕೊರಳಚೀಲ ತುಂಬಿರಬೇಕು. ಒಂದೆರಡು ವಾರ ತೂಕ ನಿಂತಿರಬೇಕು. ಈ ಮೂರೂ ಕೂಡಿದಾಗ ಮಾತ್ರ ಗುಟುಕು ಬಿಟ್ಟಿತೆಂದು ಹೇಳಬಹುದು.

ಕೊಳ್ಳುವವರಲ್ಲಿ ಒಂದು ವಿನಂತಿ

ನಮ್ಮ ನಾಡಿನ ಹಸಿರು ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿ ಸಾಕುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮರದ ಪೊಟರೆಯಿಂದ ತೆಗೆದ ಮರಿ ಕಣ್ಣಿಗೆ ಬಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ೨೦೨೨ರಲ್ಲಿ ತಿದ್ದುಪಡಿಯಾಗಿ ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಕಾನೂನಿನಂತೆ, ಆಫ್ರಿಕದ ಬೂದು ಗಿಳಿಯಂತಹ ಕೆಲವು ವಿದೇಶಿ ಜಾತಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು.

ಕಾಕಟೀಲ್‌ನಂತಹ ಹಕ್ಕಿಯನ್ನು ಮಕ್ಕಳಿಗೆ ಕೊಡಿಸಬೇಕೆನ್ನುವ ಪೋಷಕರು, ನಮ್ಮ ಹಳೆಯ ವಿದ್ಯಾರ್ಥಿಗಳು, ಅಂಗಡಿಯಲ್ಲಿ ಮೊಟ್ಟೆಯೊಡೆದ ದಿನಾಂಕವನ್ನು ಕೇಳಲಿ. ದಿನಕ್ಕೆ ಎಷ್ಟು ಬಾರಿ ಉಣಿಸುತ್ತಿದ್ದಾರೆಂದು ಕೇಳಲಿ. ಒಂದು ಬಾರಿಯಾದರೂ ಉಣಿಸುತ್ತಿದ್ದರೆ, ಹಣ ಮುಂಗಡವಾಗಿ ಕೊಟ್ಟರೂ ಸರಿ, ಹಕ್ಕಿಯನ್ನು ಅಲ್ಲಿಯೇ ಬಿಟ್ಟು, ಗುಟುಕು ಬಿಟ್ಟ ಮೇಲೆ ತರಲಿ. ತಿಳಿಯದೆ ತಂದುಬಿಟ್ಟಿದ್ದರೆ, ಅಂದೇ ಹಕ್ಕಿಗಳನ್ನು ಬಲ್ಲ ವೈದ್ಯರಿಂದ ಉಣಿಸುವ ಕ್ರಮವನ್ನು ಕಣ್ಣಾರೆ ನೋಡಿ ಕಲಿಯಲಿ. ಲೇಖನವೊಂದನ್ನು ಓದಿದ ಮಾತ್ರಕ್ಕೆ ಕೈ ಪಳಗುವುದಿಲ್ಲ.

ಎರಡನೆಯ ಮರಿಯ ತೂಕವನ್ನು ಆ ವಿದ್ಯಾರ್ಥಿಯು ದಿನವೂ ಬರೆದಿಟ್ಟ ನೋಟುಪುಸ್ತಕವು ಇಂದಿಗೂ ಪ್ರಯೋಗಶಾಲೆಯ ಬೀರುವಿನಲ್ಲಿದೆ. ಮೊದಲ ಪುಟದಲ್ಲಿ, ನಾನು ಹೇಳದಿದ್ದರೂ, ಹಿಂದಿನ ವರ್ಷ ಸತ್ತ ಮರಿಯನ್ನು ಕುರಿತು ಎರಡು ಸಾಲು ಬರೆದಿದ್ದಾನೆ. ನನ್ನ ಸಲಹೆಯ ಮಾತು ಅದರಲ್ಲಿಲ್ಲ. ಕೊನೆಯ ಪುಟದಲ್ಲಿ ಹೀಗಿದೆ: “೮೮ ಗ್ರಾಂ. ಚಮಚ ತೋರಿಸಿದರೆ ಮುಖ ತಿರುಗಿಸಿತು. ನವಣೆ ತಿನ್ನಲು ಹೋಯಿತು.”