ಶುಗರ್ ಮಾತ್ರೆಯಿಂದ ಆಯಸ್ಸು ಹೆಚ್ಚುವುದೇ?

ಧರ್ಮಪುರದ ನಿವೃತ್ತ ಮೇಷ್ಟ್ರೊಬ್ಬರು ಮೊನ್ನೆ ಮಗನೊಡನೆ ಬಂದಿದ್ದರು. ಮೇಷ್ಟ್ರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಸೇವಿಸುತ್ತಾರೆ. ‘ಇದು ಗಂಡಸರ ಶಕ್ತಿ ಕುಂದಿಸುತ್ತದಂತಲ್ಲ ಡಾಕ್ಟ್ರೇ, ಬಿಟ್ಟುಬಿಡಲೇ?’ ಎಂದರು. ಬೆಂಗಳೂರಿನಲ್ಲಿರುವ ಮಗನಿಗೆ ಕಾಯಿಲೆಯೇ ಇಲ್ಲ. ದಿನವೂ ಜಿಮ್‌ಗೆ ಹೋಗುವ ಆತನ ಪ್ರಶ್ನೆ: ‘ಆಯಸ್ಸು ಹೆಚ್ಚುತ್ತದಂತೆ, ನಾನೂ ಶುರು ಮಾಡಲೇ?’ ಬೇಕಾದವರು ಬಿಡಲು, ಬೇಡದವರು ನುಂಗಲು ಹೊರಟಿದ್ದರು!

ಮೆಟ್‌ಫಾರ್ಮಿನ್ ಹಳೆಯ, ಅಗ್ಗದ ಔಷಧಿ. ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ 1957ರಲ್ಲಿ ಇದನ್ನು ಮಧುಮೇಹಕ್ಕೆ ಬಳಸಿದ ವರದಿ ಪ್ರಕಟಿಸಿದರು. ಪಿತ್ತಜನಕಾಂಗವು ಅತಿಯಾಗಿ ಸಕ್ಕರೆ ತಯಾರಿಸುವುದನ್ನು ಇದು ತಗ್ಗಿಸುತ್ತದೆ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ, ಈ ಮಾತ್ರೆ ಸೇವಿಸಿದ ಸ್ಥೂಲಕಾಯದ ಮಧುಮೇಹಿಗಳಲ್ಲಿ ಸಾವಿನ ಪ್ರಮಾಣ, ಮುಖ್ಯವಾಗಿ ಪಥ್ಯವನ್ನೇ ನೆಚ್ಚಿದವರಿಗಿಂತ ಶೇ. 36ರಷ್ಟು ಕಡಿಮೆಯಿತ್ತು. ಮೇಷ್ಟ್ರಿಗೆ ಇದೇ ಮುಖ್ಯವಾದ ಲೆಕ್ಕ.

ಮಗ ಕೇಳಿದ್ದು ಬೇರೆ ಸುದ್ದಿ. ಮೆಟ್‌ಫಾರ್ಮಿನ್ ಸೇವಿಸುವ ಮಧುಮೇಹಿಗಳು ಕಾಯಿಲೆಯಿಲ್ಲದವರಿಗಿಂತಲೂ ತುಸು ಹೆಚ್ಚು ಬದುಕಿದರೆಂದು 2014ರಲ್ಲಿ ಬ್ರಿಟನ್ನಿನ ಇನ್ನೊಂದು ವರದಿ ಹೇಳಿತ್ತು. ಆದರೆ ಅದು ವೈದ್ಯಕೀಯ ದಾಖಲೆಗಳನ್ನು ನೋಡಿ ಮಾಡಿದ ಲೆಕ್ಕ. ಕಾಯಿಲೆ ಉಲ್ಬಣಿಸಿ ಔಷಧಿ ಬದಲಿಸಿದವರು ಲೆಕ್ಕದಿಂದ ಹೊರಗುಳಿದಿದ್ದರು. 2022ರ ಡೆನ್ಮಾರ್ಕಿನ ಅಧ್ಯಯನದಲ್ಲಿ ಈ ಲಾಭ ಕಾಣಲಿಲ್ಲ.

ಇನ್ನು ವ್ಯಾಯಾಮದ ವಿಷಯ. ಅಮೆರಿಕದಲ್ಲಿ 2019ರಲ್ಲಿ ಎರಡು ಪ್ರಯೋಗಗಳು ಪ್ರಕಟವಾದವು. ಎರಡರಲ್ಲೂ ಭಾಗವಹಿಸಿದವರು ಮಧುಮೇಹವಿಲ್ಲದ ಹಿರಿಯರು. ಹನ್ನೆರಡು ವಾರ ಬೆವರು ಸುರಿಸಿದರೂ, ಮಾತ್ರೆ ನುಂಗಿದವರ ದಮ್ಮು ಇತರರಷ್ಟು ಹೆಚ್ಚಲಿಲ್ಲ. ಹದಿನಾಲ್ಕು ವಾರ ಭಾರ ಎತ್ತಿದವರಲ್ಲಿ ಸ್ನಾಯು ಕಡಿಮೆ ಬೆಳೆಯಿತು. ಜೀವಕೋಶಗಳಲ್ಲಿ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳನ್ನು ಮೆಟ್‌ಫಾರ್ಮಿನ್ ಸ್ವಲ್ಪ ಅದುಮುತ್ತದೆ. ವ್ಯಾಯಾಮ ಬಲಪಡಿಸುವುದು ಅವನ್ನೇ. ಜಿಮ್‌ಗೆ ಹಣ ಕೊಟ್ಟು, ಅದರ ಫಲ ಕುಗ್ಗಿಸಲು ಮಾತ್ರೆಗೂ ಹಣ ಕೊಡುವುದೇಕೆ?

ಹಾಗೆಂದು ಮಧುಮೇಹಿಗಳು ನಡಿಗೆಯನ್ನಾಗಲಿ ಮಾತ್ರೆಯನ್ನಾಗಲಿ ಬಿಡಬಾರದು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಪರೀಕ್ಷಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಕಾಯಿಲೆಯ ಅಪಾಯವನ್ನು ನಡಿಗೆ-ಪಥ್ಯ ಶೇ. 28.5ರಷ್ಟು, ಮೆಟ್‌ಫಾರ್ಮಿನ್ ಶೇ. 26.4ರಷ್ಟು ತಗ್ಗಿಸಿದವು. ಎರಡನ್ನೂ ಕೂಡಿಸಿದರೆ ಹೆಚ್ಚಿನ ಲಾಭವೇನೂ ಸಿಗಲಿಲ್ಲ.

ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ಈ ಮಾತ್ರೆಯಿಂದ ಸ್ವಲ್ಪ ಇಳಿಯಬಹುದೆಂದು ಕೆಲವು ಅಧ್ಯಯನಗಳು ಹೇಳಿವೆ. ಪಿಸಿಓಡಿ ಇರುವ ಹೆಣ್ಣುಮಕ್ಕಳಲ್ಲಿ ಇದೇ ಇಳಿಕೆ ಉಪಕಾರಿ. ಆದರೆ ಬೊಜ್ಜು ಮತ್ತು ಮಧುಮೇಹ ತಾವಾಗಿಯೇ ಆ ಹಾರ್ಮೋನನ್ನು ಇಳಿಸುತ್ತವೆ. ಹತೋಟಿಯಿಲ್ಲದ ಸಕ್ಕರೆ ನರ ಮತ್ತು ರಕ್ತನಾಳಗಳನ್ನೂ ಕೆಡಿಸುತ್ತದೆ. ಮಾತ್ರೆ ಬಿಟ್ಟರೆ ಮೇಷ್ಟ್ರು ಹೆದರಿದ್ದೇ ಬೇಗ ಬಂದೀತು. ಸಂಕೋಚಪಡದೆ ಕೇಳಿದರಲ್ಲ, ಸಂತೋಷವಾಯಿತು. ಎಷ್ಟೋ ಜನ ಹೇಳದೆಯೇ ಮಾತ್ರೆ ನಿಲ್ಲಿಸಿರುತ್ತಾರೆ.

ಮಗನಿಗೆ ಮಾತ್ರೆ ಬೇಡವೆಂದೆ. ಮೇಷ್ಟ್ರಿಗೆ ಊಟದ ಜೊತೆ ಮಾತ್ರೆ, ಬೆಳಗ್ಗೆ ಕೆರೆ ಏರಿಯ ಮೇಲೆ ನಡಿಗೆ, ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡದ ಪರೀಕ್ಷೆ ಹೇಳಿದೆ. ಬಹುಕಾಲ ಸೇವಿಸಿದರೆ ಬಿ12 ಜೀವಸತ್ವ ಕಡಿಮೆಯಾಗುವುದುಂಟು. ‘ಪಾದ ಜುಮುಗುಡುತ್ತದೆಯೇ?’ ಎಂದು ಕೇಳಿದೆ. ಹೌದೆಂದರು. ಬಿ12 ಪರೀಕ್ಷೆಗೆ ಬರೆದುಕೊಟ್ಟೆ.