ಮೊದಲು ಮಾನಿಟರ್, ಆಮೇಲೆ ಕಾರ್ಡು

2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತು ಮಾಡಿದ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ, ಶೇ 10.25 ಸಕ್ಕರೆ ಇಳುವರಿ ಬಂದರೆ, ಟನ್ನಿಗೆ 3,550 ರೂಪಾಯಿ. ಕಟಾವು ಕೂಲಿ, ಸಾಗಣೆ ಕಳೆಯದೇ ಲೆಕ್ಕ ಹಾಕಿದರೂ ಮೂವತ್ತೈದು ಸಾವಿರದ ಒಂದು ಗ್ರಾಫಿಕ್ಸ್ ಕಾರ್ಡ್ ಎಂದರೆ ಹತ್ತು ಟನ್ ಕಬ್ಬು. ಮಂಡ್ಯಕ್ಕೂ ಮದ್ದೂರಿಗೂ ನಡುವಿನ ಹನಕೆರೆಯಂಥ ಊರಲ್ಲಿ ಮಗ ಕಾರ್ಡ್ ಕೇಳಿದಾಗ ಅಪ್ಪ ಮನಸ್ಸಿನಲ್ಲೇ ಹಾಕುವ ಲೆಕ್ಕ ಇದು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕೆಂಬ ನಿಯಮ 1966ರಿಂದಲೂ ಇದೆ. ಬರುವುದು ಯಾವಾಗ ಎಂಬುದು ಬೆಳೆದವರಿಗೇ ಗೊತ್ತು. ಮನೆ ನಡೆಯುವುದು ಡೇರಿಯ ಬಟವಾಡೆಯಲ್ಲಿ. ಹಾಗಾಗಿ ‘ನಿಮ್ಮ ಬಜೆಟ್ ಎಷ್ಟು?’ ಎಂದು ಅಂಗಡಿಯವರು ಕೇಳುವ ಪ್ರಶ್ನೆಗೆ ನಮ್ಮ ಕಡೆ ಉತ್ತರ ಅಷ್ಟು ಸಲೀಸಲ್ಲ.

ನಮ್ಮ ಮನೆಗೆ, ಅಕ್ಕನ ಮಗನಿಗೆ, ಮದ್ದೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಗೆಳೆಯನಿಗೆ ಕಾರ್ಡ್ ಆರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೂರು ಮನೆಯ ಲೆಕ್ಕವೂ ಬೇರೆ ಬೇರೆ. ಆದರೆ ಪ್ರತಿ ಸಲವೂ ಒಂದೇ ಮಾತು ಖಾತ್ರಿಯಾಯಿತು: ಬಜೆಟ್ಟನ್ನು ಕಾರ್ಡಿನಿಂದ ಶುರು ಮಾಡಬಾರದು. ಮಾಡುವ ಕೆಲಸ, ಮೇಜಿನ ಮೇಲಿರುವ ಮಾನಿಟರ್, ಡಬ್ಬದೊಳಗಿನ ಎಸ್‌ಎಮ್‌ಪಿಎಸ್, ಈ ಮೂರನ್ನು ನೋಡಿದ ಮೇಲೆ ಉಳಿಯುವ ದುಡ್ಡೇ ಕಾರ್ಡಿನ ಬಜೆಟ್ಟು.

ನಮ್ಮ ಮನೆಯದು ಸುಲಭದ ಲೆಕ್ಕ. ನಾನು ಮಾಡುವುದು ‘ನುಡಿ’ ತಂತ್ರಾಂಶದಲ್ಲಿ ಟೈಪಿಂಗ್, ಎಕ್ಸೆಲ್‌ನಲ್ಲಿ ಲೆಕ್ಕ. ಮನೆಯವರು ಯೂಟ್ಯೂಬ್ ನೋಡುತ್ತಾರೆ. ಇಷ್ಟಕ್ಕೆ ಕಾರ್ಡೇ ಬೇಡ. ರೈಝೆನ್ 5 5600ಜಿ ಥರದ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಒಳಗೇ ಇರುತ್ತದೆ, ಸಣ್ಣಪುಟ್ಟ ಗೇಮ್ ಕೂಡ ನಡೆಯುತ್ತದೆ. ಆದರೂ ‘ಒಂದು ಕಾರ್ಡ್ ಇರಲಿ’ ಎಂದು ಜಿಟಿ 710 ಹಾಕಿಸಿಕೊಂಡು ಬರುವವರನ್ನು ನೋಡಿದ್ದೇನೆ. ಅದು 2014ರ ಕಾರ್ಡು. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದ ಕಂಪ್ಯೂಟರಿಗೆ ಪರದೆ ಹತ್ತಿಸಲು ಅದು ಸಾಕು, ಅದಕ್ಕಿಂತ ಹೆಚ್ಚಿನದೇನೂ ಅದರಿಂದ ಆಗದು. ಆ ದುಡ್ಡಿಗೆ ಎಸ್‌ಎಸ್‌ಡಿ ಹಾಕಿಸಿದರೆ ವ್ಯತ್ಯಾಸ ಅವತ್ತೇ ಕಾಣುತ್ತದೆ.

ಅಕ್ಕನ ಮಗ ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಾನೆ. “ಮಾವ, ಹದಿನಾರು ಜಿಬಿದೇ ಕೊಡ್ಸು” ಎಂದು ಬಂದ. “ನಿನ್ ಮಾನಿಟರ್ ಯಾವ್ದ್ಲಾ?” ಎಂದು ಕೇಳಿದೆ. 1080ಪಿ, 75 ಹರ್ಟ್ಸ್. ಅಂಥ ಪರದೆಯಲ್ಲಿ ಇರುವುದು ಸುಮಾರು 20.7 ಲಕ್ಷ ಚುಕ್ಕಿ, 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು. ಕಾರ್ಡು ಸೆಕೆಂಡಿಗೆ 150 ಚಿತ್ರ ಬಿಡಿಸಿ ಕೊಟ್ಟರೂ 75 ಹರ್ಟ್ಸ್ ಮಾನಿಟರ್ ತೋರಿಸುವುದು 75ನ್ನೇ. ವಿ.ಸಿ. ನಾಲೆಯಲ್ಲಿ ಎಷ್ಟೇ ನೀರು ಹರಿಯಲಿ, ನಮ್ಮ ಗದ್ದೆಗೆ ಬರುವುದು ತೂಬು ಬಿಟ್ಟಷ್ಟೇ ತಾನೆ? ಮಾನಿಟರ್ ಬದಲಿಸುವ ಯೋಚನೆ ಸದ್ಯಕ್ಕಿಲ್ಲದಿದ್ದರೆ ದೊಡ್ಡ ಕಾರ್ಡಿಗೆ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಸುಮ್ಮನೆ ಕೂರುತ್ತದೆ.

ಅವನ ಇನ್ನೊಂದು ವಾದ ಕಾಲೇಜಿನ ಮೆಷಿನ್ ಲರ್ನಿಂಗ್ ಪ್ರಾಜೆಕ್ಟಿನದು. ಅದನ್ನು ತಳ್ಳಿಹಾಕುವಂತಿಲ್ಲ. ಆ ಕೆಲಸಕ್ಕೂ ಬ್ಲೆಂಡರ್‌ನಂಥ ತಂತ್ರಾಂಶಕ್ಕೂ ಎನ್ವಿಡಿಯಾದ ‘ಕೂಡಾ’ (CUDA) ಇದ್ದರೆ ತೊಡಕು ಕಡಿಮೆ. ಅದೇ ಬೆಲೆಗೆ ಎಎಮ್‌ಡಿ ಕೆಲವು ಸಲ ಹೆಚ್ಚು ಮೆಮೊರಿ ಕೊಟ್ಟರೂ ವಿದ್ಯಾರ್ಥಿಗಳಿಗೆ ನಾನು ಎನ್ವಿಡಿಯಾವನ್ನೇ ಹೇಳುವುದು ಅದಕ್ಕೇ. ಆದರೆ ದೊಡ್ಡ ಮೆಮೊರಿ ಬೇಡುವ ಪ್ರಯೋಗವನ್ನು ಗೂಗಲ್ ಕೊಲಾಬ್‌ನಲ್ಲಿ ಪುಕ್ಕಟೆ ಮಾಡಬಹುದು. ಬಳಕೆಗೆ ಗಂಟೆಗಳ ಮಿತಿ ಇದ್ದರೂ ಅಲ್ಲಿ ಸಿಗುವ ಟಿ4 ಕಾರ್ಡಿನಲ್ಲಿ 16 ಜಿಬಿ ಇದೆ. ವರ್ಷಕ್ಕೊಂದು ಪ್ರಾಜೆಕ್ಟಿಗೆ ಅಷ್ಟು ಸಾಕು. ಕೊನೆಗೆ ಅವನು ಒಪ್ಪಿದ್ದು 8 ಜಿಬಿಯ ಆರ್‌ಟಿಎಕ್ಸ್ 5060ಕ್ಕೆ.

ಅದರ ಬೆಲೆ ಎಲ್ಲಿಂದ ಬಂತು ನೋಡಿ. 2025ರ ಮೇ ತಿಂಗಳಲ್ಲಿ ಅದು ಬಿಡುಗಡೆಯಾದಾಗ ಅಮೆರಿಕದಲ್ಲಿ 299 ಡಾಲರ್, ತೆರಿಗೆ ಬಿಟ್ಟು. ಡಾಲರಿಗೆ 85 ರೂಪಾಯಿಯಂತೆ 25,415. ಅದಕ್ಕೆ ಶೇ 18ರ ಜಿಎಸ್‌ಟಿ 4,575 ಸೇರಿದರೆ 29,990. ಅಂಗಡಿಯಲ್ಲಿ ಹೇಳುವ ಬೆಲೆ ಈ ಲೆಕ್ಕಕ್ಕಿಂತ ಎಷ್ಟು ಮೇಲಿದೆ ಎಂದು ನೋಡಿಕೊಂಡರೆ ಚೌಕಾಸಿಗೆ ಒಂದು ಹಿಡಿ ಸಿಗುತ್ತದೆ. ಮೂರು ಫ್ಯಾನು, ಬಣ್ಣದ ದೀಪ ಇರುವ ಮಾಡೆಲ್‌ಗೆ ಮೂರು ನಾಲ್ಕು ಸಾವಿರ ಹೆಚ್ಚು ಕೇಳುತ್ತಾರೆ. ಒಳಗಿರುವ ಚಿಪ್ ಅದೇ. ಈ ಮಟ್ಟದ ಕಾರ್ಡಿಗೆ ಎರಡು ಫ್ಯಾನು ಧಾರಾಳ.

ಒಂದು ಎಚ್ಚರ: ಒಂದೇ ಹೆಸರಿನಲ್ಲಿ ಎರಡು ಸರಕು ಬರುತ್ತವೆ. ಆರ್‌ಟಿಎಕ್ಸ್ 5060 ಟಿಐ 8 ಜಿಬಿಯಲ್ಲೂ ಇದೆ, 16 ಜಿಬಿಯಲ್ಲೂ ಇದೆ. ಎಎಮ್‌ಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ ಹಾಗೆಯೇ. ಬಿಡುಗಡೆಯ ದಿನ ಎರಡರಲ್ಲೂ ನಡುವಿನ ಅಂತರ 50 ಡಾಲರ್ ಮಾತ್ರ. 1080ಪಿ ಪರದೆಗೆ ಇವತ್ತು 8 ಜಿಬಿ ನಡೆಯುತ್ತದೆ, ಕೆಲವು ಹೊಸ ಗೇಮ್‌ಗಳಲ್ಲಿ ಸೆಟ್ಟಿಂಗ್ ಇಳಿಸಬೇಕು. 1440ಪಿ ಪರದೆ ಇರುವವರು, ಐದಾರು ವರ್ಷ ಕಾರ್ಡ್ ಬದಲಿಸದವರು 12 ಅಥವಾ 16 ಜಿಬಿಗೆ ಕಾಯುವುದು ಲೇಸು. ಇಂಟೆಲ್‌ನ ಆರ್ಕ್ ಬಿ580ಯಲ್ಲಿ 12 ಜಿಬಿ ಇದೆ, ಅದರ ಬೆಲೆಯೂ 249 ಡಾಲರ್‌ನಿಂದ ಶುರುವಾಗಿತ್ತು. ಆದರೆ ‘ರೀಸೈಜಬಲ್ ಬಾರ್’ ಸೌಲಭ್ಯವಿಲ್ಲದ ಹಳೆಯ ಮದರ್‌ಬೋರ್ಡಿನಲ್ಲಿ ಅದು ಮಂಕಾಗುತ್ತದೆ. ಹಳೇ ಕಂಪ್ಯೂಟರಿಗೆ ಅದನ್ನು ಹಾಕಿಸಬೇಡಿ.

ಇನ್ನು ಕೊಟೇಶನ್ನಿನಲ್ಲಿ ಬರೆಯದ ಖರ್ಚು. ಅಕ್ಕನ ಮಗನ ಡಬ್ಬದಲ್ಲಿ ಇದ್ದದ್ದು ಹೆಸರಿಲ್ಲದ ಕಂಪನಿಯ 450 ವ್ಯಾಟ್ ಎಸ್‌ಎಮ್‌ಪಿಎಸ್. 5060 ಒಂದೇ 145 ವ್ಯಾಟ್ ಎಳೆಯುತ್ತದೆ. ಎನ್ವಿಡಿಯಾ ಈ ಕಾರ್ಡಿಗೆ ಹೇಳುವುದು 550 ವ್ಯಾಟ್. ಒಳ್ಳೆಯ ಕಂಪನಿಯ ಎಸ್‌ಎಮ್‌ಪಿಎಸ್ ಹಾಕಿಸಿದೆವು. ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಇದರಲ್ಲಿ ಉಳಿಸಿದ ದುಡ್ಡು ಕಾರ್ಡನ್ನೇ ಸುಟ್ಟೀತು. ಮನೆಯಲ್ಲಿದ್ದ 600 ವಿಎ ಯುಪಿಎಸ್ ತಡೆಯುವುದು 360 ವ್ಯಾಟ್ ಆಸುಪಾಸು. ಗೇಮ್ ಆಡುವಾಗ ಕಂಪ್ಯೂಟರ್, ಮಾನಿಟರ್ ಸೇರಿ ಅದರ ಅಂಚಿಗೆ ಬರುತ್ತವೆ. ಹಾಗಾಗಿ ಯುಪಿಎಸ್ಸೂ ದೊಡ್ಡದಾಯಿತು. ಎರಡೂ ಸೇರಿ ಕಾರ್ಡಿನ ಬೆಲೆಯ ಕಾಲು ಭಾಗದ ಮೇಲೆ ಹೋಯಿತು.

ಕರೆಂಟು ಬಿಲ್ಲನ್ನೂ ಸೇರಿಸಿಕೊಳ್ಳಿ. 300 ವ್ಯಾಟ್ ಎಳೆಯುವ ಕಂಪ್ಯೂಟರ್ ದಿನಕ್ಕೆ 4 ಗಂಟೆ ಓಡಿದರೆ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯಲ್ಲಿ ಪುಕ್ಕಟೆ ಸಿಗುವುದು 2022–23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಒಂದಿಷ್ಟು. ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಆ ಗೆರೆಯ ಹತ್ತಿರವೇ ಇರುವ ಮನೆಗೆ 36 ಯೂನಿಟ್ ಸಣ್ಣದಲ್ಲ.

ಆಫೀಸಿನಿಂದ ಹೊರಬಿದ್ದ ಹಳೇ ಡೆಸ್ಕ್‌ಟಾಪ್ ಕೊಂಡವರ ಪಾಡು ಬೇರೆ. ಅವುಗಳ ಎಸ್‌ಎಮ್‌ಪಿಎಸ್ ಚಿಕ್ಕದು, ಕಾರ್ಡಿಗೆ ಬೇರೆ ವೈರ್ ಇರುವುದಿಲ್ಲ. ಅಂಥವರಿಗೆ 70 ವ್ಯಾಟಿನ, ಸ್ಲಾಟಿನಿಂದಲೇ ಕರೆಂಟು ತೆಗೆದುಕೊಳ್ಳುವ 6 ಜಿಬಿಯ ಆರ್‌ಟಿಎಕ್ಸ್ 3050 ಹೊಂದುತ್ತದೆ. ಅಗ್ಗವೆಂದು ಆರ್‌ಎಕ್ಸ್ 6500 ಎಕ್ಸ್‌ಟಿ ತಂದರೆ ಅದಕ್ಕೆ ಬೇರೆ ವೈರ್ ಬೇಕು. ಜೊತೆಗೆ ಮದರ್‌ಬೋರ್ಡಿನ ಜೊತೆ ಮಾತಾಡಲು ಅದು ಬಳಸುವುದು ನಾಲ್ಕೇ ಲೇನ್ ಆದ್ದರಿಂದ ಹಳೆಯ ಮದರ್‌ಬೋರ್ಡಿನಲ್ಲಿ ವೇಗ ಇನ್ನೂ ಕುಗ್ಗುತ್ತದೆ.

ಸ್ಟುಡಿಯೊ ಗೆಳೆಯನದು ದುಡಿಮೆಯ ಲೆಕ್ಕ. ಮದುವೆ ವಿಡಿಯೊಗಳನ್ನು ಅವನು ಕತ್ತರಿಸುವುದು ಎಡಿಯಸ್‌ನಲ್ಲಿ. ಕ್ಯಾಮೆರಾದ ಎಚ್.264 ಫೈಲ್ ಬಿಚ್ಚಲು ಎಡಿಯಸ್ ಹೆಚ್ಚಾಗಿ ಆತುಕೊಳ್ಳುವುದು ಇಂಟೆಲ್ ಪ್ರೊಸೆಸರ್‌ನೊಳಗಿನ ಕ್ವಿಕ್ ಸಿಂಕ್ ಮೇಲೆ. ಒಬ್ಬ ಅಂಗಡಿಯವರು ಬರೆದುಕೊಟ್ಟ ಕೊಟೇಶನ್ನಿನಲ್ಲಿ ಕಾರ್ಡ್ ದೊಡ್ಡದಿತ್ತು, ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇತ್ತು. ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕೂ ಇಲ್ಲ. ಎಫ್ ಇಲ್ಲದ ಪ್ರೊಸೆಸರ್ ಬರೆಸಿ, ಕಾರ್ಡನ್ನು ಒಂದು ಮೆಟ್ಟಿಲು ಇಳಿಸಿ, ಉಳಿದದ್ದನ್ನು ರ‍್ಯಾಮ್‌ಗೆ ಹಾಕಿಸಿದೆವು. ಆಲ್ಬಮ್ ಮಾಡುವ ಫೋಟೊಶಾಪಿಗೂ ರ‍್ಯಾಮೇ ಮುಖ್ಯ. ನಾಳೆ ಅವನು ಡಾವಿಂಚಿ ರಿಸಾಲ್ವ್‌ನಲ್ಲಿ 4ಕೆ ಬಣ್ಣ ತಿದ್ದಲು ಹೊರಟರೆ ಆಗ ದೊಡ್ಡ ಕಾರ್ಡಿಗೆ ಅರ್ಥವಿದೆ. ಅವನು ಜಿಎಸ್‌ಟಿ ನೋಂದಣಿ ಮಾಡಿಸಿದ್ದಾನೆ. ಬಿಲ್ಲಿನಲ್ಲಿ ತನ್ನ ನಂಬರ್ ಹಾಕಿಸಿದ್ದಕ್ಕೆ ಶೇ 18ರ ತೆರಿಗೆ ಕ್ರೆಡಿಟ್ ಆಗಿ ವಾಪಸ್ ಬಂತು. ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ ಇದು ಸಿಗದು.

ಕೊಳ್ಳುವುದೆಲ್ಲಿ? ಮಂಡ್ಯ, ಮದ್ದೂರಿನ ಅಂಗಡಿಗಿಂತ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಯ್ಕೆ ಹೆಚ್ಚು, ಬೆಲೆಯೂ ತುಸು ಇಳಿಯುತ್ತದೆ. ವ್ಯತ್ಯಾಸ ಒಂದು ಸಾವಿರದೊಳಗಿದ್ದರೆ ನಾನು ಹತ್ತಿರದ ಅಂಗಡಿಗೇ ಹೋಗುತ್ತೇನೆ. ವಾರಂಟಿಗೆ ಕಾರ್ಡ್ ಕಳಿಸುವ ಕಷ್ಟ ಅವರ ಮೇಲಿರುತ್ತದೆ, ನಮಗೆ ಬೆಂಗಳೂರಿನ ಓಡಾಟ ತಪ್ಪುತ್ತದೆ.

ಸೆಕೆಂಡ್ ಹ್ಯಾಂಡ್ ಕಾರ್ಡನ್ನು ನಾನು ಬೇಡವೆನ್ನುವುದಿಲ್ಲ. 2022ರ ಸೆಪ್ಟೆಂಬರ್ 15ರಂದು ಎಥೀರಿಯಮ್ ಮೈನಿಂಗ್ ನಿಂತಾಗ ಹಗಲು ರಾತ್ರಿ ದುಡಿದಿದ್ದ ಕಾರ್ಡುಗಳು ರಾಶಿ ರಾಶಿ ಮಾರುಕಟ್ಟೆಗೆ ಬಿದ್ದವು. ಅವುಗಳಲ್ಲಿ ಒಳ್ಳೆಯವೂ ಇದ್ದವು. ಬಿಲ್ಲು ಇರಲಿ, ಅರ್ಧ ಗಂಟೆ ಗೇಮ್ ಓಡಿಸಿ ನೋಡಿ, ಜಿಪಿಯು–ಝಡ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ. ಹಳೇ ಚಿಪ್ಪಿಗೆ ಹೊಸ ಹೆಸರು ಬರೆದ ನಕಲಿ ಕಾರ್ಡನ್ನು ಅದು ಹಿಡಿದುಕೊಡುತ್ತದೆ. ಇದಕ್ಕೆ ಒಪ್ಪದ ಮಾರಾಟಗಾರನಿಂದ ಎದ್ದು ಬನ್ನಿ.

ಕೊನೆಯದು ಕಂತಿನ ಮಾತು. ‘ನೋ ಕಾಸ್ಟ್ ಇಎಮ್‌ಐ’ ಎಂದರೂ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಆ ಬಡ್ಡಿಯಷ್ಟನ್ನು ಬೆಲೆಯಲ್ಲಿ ಇಳಿಸಿರುತ್ತಾರೆ. ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಪ್ರೊಸೆಸಿಂಗ್ ಫೀ ನಮ್ಮ ತಲೆಗೇ ಬರುತ್ತವೆ. ಆರು ತಿಂಗಳ ಕಂತಿಗೆ ಮೂವತ್ತು ಸಾವಿರದ ಮೇಲೆ ಐದುನೂರರ ಹತ್ತಿರ. ಅದು ದೊಡ್ಡದಲ್ಲ. ಬಟವಾಡೆ ಕಡಿಮೆಯಾದ ತಿಂಗಳಲ್ಲಿ ಕಂತು ತಪ್ಪಿದರೆ ಬೀಳುವ ದಂಡ ದೊಡ್ಡದು. ದುಡಿಯುವ ಕಂಪ್ಯೂಟರಿಗೆ ಕಂತು ಸರಿ, ಏಕೆಂದರೆ ಅದು ತನ್ನ ಕಂತನ್ನು ತಾನೇ ಕಟ್ಟುತ್ತದೆ. ಆಟಕ್ಕೆ ತರುವ ಕಾರ್ಡನ್ನು ಕೈಯಲ್ಲಿ ದುಡ್ಡು ಕೂಡಿದ ಮೇಲೆ ತನ್ನಿ. ಕೈಲಿರುವ ದುಡ್ಡಿನಲ್ಲಿ ಕಾಲು ಭಾಗವನ್ನು ಎಸ್‌ಎಮ್‌ಪಿಎಸ್, ಯುಪಿಎಸ್‌ಗೆಂದು ಮೊದಲೇ ಎತ್ತಿಟ್ಟು, ಉಳಿದದ್ದನ್ನಷ್ಟೇ ಅಂಗಡಿಯವರಿಗೆ ಬಜೆಟ್ ಎಂದು ಹೇಳಿ.